ಎತ್ತಿಕೊಟ್ಟವಳ ಸಿಟ್ಟು

ನನ್ನ ಕಡೆಗೆ ಯಾರೂ ಏನನ್ನೂ ಎಸೆಯಬಾರದು. ಇದನ್ನು ಬಾಗಿಲ ಮೇಲೆ ಬರೆದು ಹಾಕೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಓದಿದವರು ಈ ಮನೆಯಲ್ಲಿ ದಿನಾ ಪಾತ್ರೆ ಪಡಗ ಹಾರಾಡುತ್ತವೆ ಎಂದುಕೊಂಡಾರು ಎಂದು ಸುಮ್ಮನಿದ್ದೇನೆ.

ಮೊನ್ನೆ ವಿಶಾಖಪಟ್ಟಣದ ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲ ಮಹಡಿಯ ಸುಜಾತ ಬಾಲ್ಕನಿಯಿಂದ ಬಗ್ಗಿ, "ಆಂಟೀ, ಕೆಳಗೇ ಇದ್ದೀರಲ್ಲ, ಈ ಸ್ಕೂಟರ್ ಕೀ ನಮ್ಮವರಿಗೆ ಕೊಟ್ಟುಬಿಡಿ" ಎಂದು ತೆಲುಗಿನಲ್ಲಿ ಹೇಳಿ ಎಸೆದಳು. ಬೇರೆ ಯಾರಾದರೂ ಆಗಿದ್ದರೆ ಸೆರಗೊಡ್ಡಿ ಹಿಡಿಯುತ್ತಿದ್ದರು. ನನ್ನ ಎರಡು ಕೈಗಳು ನನ್ನನ್ನು ಒಂದು ಮಾತೂ ಕೇಳದೆ ಹಣೆಯ ಮೇಲಕ್ಕೆ ಹೋದವು. ಹತ್ತು ಬೆರಳೂ ಅರಳಿಕೊಂಡವು. ನೋಯುವ ಮಂಡಿ ನೋವು ಮರೆತು ಬಗ್ಗಿತು. ಕೀ ಬಂದ ದಾರಿಯಲ್ಲೇ ಮೇಲೆ ಹೋಗಿ, ಸೊಗಸಾಗಿ ಒಂದು ಕಮಾನು ಬರೆದು, ಕಾಂಪೌಂಡಿನಾಚೆಯ ಮೋರಿಗೆ ಬಿತ್ತು. ಸುಜಾತಳ ಗಂಡ ಕೋಲು ಹಿಡಿದು ಮೋರಿ ಕೆದಕುತ್ತಿರುವಾಗ ಅವಳು ಮೇಲಿನಿಂದ, "ಆಂಟೀ, ನಿಮಗೆ ಹಿಡಿಯೋಕೆ ಬರೋದಿಲ್ವಾ?" ಎಂದು ಕೇಳಿದಳು.

ಬರುವುದಿಲ್ಲ ತಾಯಿ. ನಮ್ಮ ಆಟದಲ್ಲಿ ಹಿಡಿದರೆ ಫೌಲ್.

ನಾನು ವಾಲಿಬಾಲ್ ಆಡುತ್ತಿದ್ದವಳು. ಹೊತ್ತು ಹೋಗಲೆಂದು ಅಂಗಳದಲ್ಲಿ ಆಡಿದ್ದಲ್ಲ. ಅದಕ್ಕೆಂದೇ ಎಂಬತ್ತರ ದಶಕದಲ್ಲಿ ವಿಶಾಖಪಟ್ಟಣದ ಒಂದು ದೊಡ್ಡ ಕಂಪನಿಯವರು ಕೆಲಸ ಕೊಟ್ಟು, ಸಂಬಳ ಕೊಟ್ಟು ಕರೆಸಿಕೊಂಡಿದ್ದರು. ಹೀಗೆಂದ ಕೂಡಲೇ ಜನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ನಾನು ಅಷ್ಟು ಉದ್ದವಿಲ್ಲ. ಆಮೇಲೆ ಬಹಳ ಸಮಾಧಾನದಿಂದ, ಹುಚ್ಚರನ್ನು ಮಾತಾಡಿಸುವ ಹಾಗೆ, "ಥ್ರೋಬಾಲಾ?" ಎನ್ನುತ್ತಾರೆ.

ಈ ಥ್ರೋಬಾಲಿನಿಂದ ನಾನು ಪಟ್ಟ ಅವಮಾನ ಅಷ್ಟಿಷ್ಟಲ್ಲ. ವಿಶಾಖಪಟ್ಟಣದಲ್ಲಿ ನಮ್ಮ ಕನ್ನಡದವರದ್ದೊಂದು ಸಂಘವಿತ್ತು. ಅರ್ಧಕ್ಕರ್ಧ ವರ್ಗವಾಗಿ ಬಂದ ಬ್ಯಾಂಕಿನವರು; ಮೂರು ವರ್ಷಕ್ಕೊಮ್ಮೆ ಅಧ್ಯಕ್ಷರು ಬೇರೆ ಊರಿಗೆ ಹೋಗಿಬಿಡುತ್ತಿದ್ದರು. ರಾಜ್ಯೋತ್ಸವಕ್ಕೆ ಹೆಂಗಸರಿಗೆ ಚಮಚದಲ್ಲಿ ನಿಂಬೆಹಣ್ಣಿನ ಓಟ, ರಂಗೋಲಿ ಮತ್ತು ಥ್ರೋಬಾಲ್. "ನಮ್ಮ ಜಯಮ್ಮ ಇದ್ದಾರಲ್ಲ, ಚಾಂಪಿಯನ್ನು" ಎಂದು ನನ್ನನ್ನು ಮುಂದೆ ತಳ್ಳಿದರು. ಚೆಂಡು ಬಂತು, ಎತ್ತಿದೆ, ಫೌಲ್. ಮತ್ತೆ ಬಂತು, ಮತ್ತೆ ಎತ್ತಿದೆ, ಮತ್ತೆ ಫೌಲ್. ಅಂಪೈರ್ ಆಗಿದ್ದ ಮ್ಯಾನೇಜರರ ಹೆಂಡತಿ ಕೊನೆಗೆ ಪೀಪಿ ತೆಗೆದು, "ಏನ್ರೀ ಜಯಮ್ಮ, ಚೆಂಡನ್ನ ಮುಟ್ಟೋಕೆ ಹೇಸಿಗೇನಾ ನಿಮಗೆ? ಗಟ್ಟಿಯಾಗಿ ಹಿಡ್ಕೊಳ್ರೀ" ಎಂದರು. ಆ ವರ್ಷ ನನಗೆ ಸಿಕ್ಕಿದ್ದು ರಂಗೋಲಿಯಲ್ಲಿ ಸಮಾಧಾನಕರ ಬಹುಮಾನ.

ವಾಲಿಬಾಲ್ ಎಂದು ಒಪ್ಪಿಕೊಂಡವರೂ ಅಲ್ಲಿಗೇ ಬಿಡುವುದಿಲ್ಲ. "ಹಾಗಾದ್ರೆ ಸ್ಮ್ಯಾಶ್ ಹೊಡೀತಿದ್ರಾ?" ಎನ್ನುತ್ತಾರೆ. ಇಲ್ಲ, ನಾನು ಲಿಫ್ಟರ್. ಎದುರಾಳಿಗಳು ಕಳಿಸಿದ ಚೆಂಡನ್ನು ನಮ್ಮವರೊಬ್ಬರು ತಡೆಯುತ್ತಾರೆ. ಅದು ಎಲ್ಲೇ ಹಾರಲಿ, ಓಡಿಹೋಗಿ ಅದರ ಅಡಿಗೆ ನಿಂತು, ಬೆರಳ ತುದಿಯಿಂದ ನೆಟ್ಟಿನ ಪಕ್ಕಕ್ಕೆ ಎತ್ತಿಕೊಡುವವಳು ಲಿಫ್ಟರ್. ಮೂರನೆಯವಳು ಹಾರಿ ಹೊಡೆಯುತ್ತಾಳೆ. ಜನ ಚಪ್ಪಾಳೆ ತಟ್ಟುವುದು ಹೊಡೆದವಳಿಗೆ. ಚೆಂಡು ಮೂರು ಸಲ ಮುಟ್ಟಿದ್ದರಲ್ಲಿ ಮಧ್ಯದ್ದು ಯಾರದೆಂದು ಒಬ್ಬರೂ ನೋಡುವುದಿಲ್ಲ. ಒಮ್ಮೆ ಪತ್ರಿಕೆಯಲ್ಲಿ ನಮ್ಮ ಆಟದ ಫೋಟೋ ಬಂದಿತ್ತು. ಸ್ಮ್ಯಾಶ್ ಹೊಡೆಯುವ ಗೆಳತಿಯೊಬ್ಬಳು ಗಾಳಿಯಲ್ಲಿ ತೇಲುತ್ತಿದ್ದಳು. ಅವಳ ಹಿಂದೆ ಎರಡು ಕೈ ಮಾತ್ರ ಇದ್ದವು. ಆ ಕೈಗಳು ನನ್ನವೆಂದು ನಮ್ಮ ಮನೆಯವರಿಗೆ ನಂಬಿಸಲು ವಕ್ರವಾದ ಕಿರುಬೆರಳನ್ನು ಫೋಟೋದ ಪಕ್ಕ ಇಟ್ಟು ತೋರಿಸಬೇಕಾಯಿತು.

ಆ ಕಿರುಬೆರಳಿನದು ದೊಡ್ಡ ಕಥೆ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ಶಾಲೆಯ ಬಯಲಿನ ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ನಾಲೆ. ನಮ್ಮ ಇಬ್ಬರು ಅಣ್ಣಂದಿರು ಸಂಜೆಯಾದರೆ ವಾಲಿಬಾಲಿಗೆ ಹಾಜರು. ಚೆಂಡು ಗದ್ದೆಗೆ ಹೋದರೆ ಕಬ್ಬಿನ ಸೋಗೆಯಲ್ಲಿ ಮೈ ಕೊಯ್ಯಿಸಿಕೊಂಡು ತರುವ ಭಾಗ್ಯ ನನ್ನದು. ಚರ್ಮದ ಚೆಂಡು, ಬಾಯಿಗೆ ಶೂವಿನ ಹಾಗೆ ಲೇಸು. ನಾಲೆಗೆ ಬಿದ್ದು ನೆನೆದರೆ ಹಲಸಿನಕಾಯಿಯಷ್ಟು ಭಾರ. ತಂದುಕೊಡುವಾಗ ನಡೆದುಹೋಗಿ ಕೊಡುವುದು ಸೋಮಾರಿತನಕ್ಕೆ ಆಗದೆ ದೂರದಿಂದಲೇ ಬೆರಳಲ್ಲಿ ಚಿಮ್ಮಿ ಅಣ್ಣನ ತಲೆಯ ಮೇಲೆ ಇಳಿಸುತ್ತಿದ್ದೆ. ಪಿ.ಟಿ. ಮೇಷ್ಟ್ರು ಅದನ್ನು ನೋಡಿದರು. ನನ್ನ ಇಡೀ ಜೀವನ ಆ ಸೋಮಾರಿತನದಿಂದ ಹುಟ್ಟಿದ್ದು. ಬೆರಳು ಮುರಿದದ್ದೂ ಆಗಲೇ. ನಾಟಿ ಪಟ್ಟು ಹಾಕಿಸಿದರೂ ಅದು ತನಗೆ ಬೇಕಾದ ಹಾಗೆ ಕೂಡಿಕೊಂಡಿತು. ನಮ್ಮವ್ವ ನನ್ನ ಕೈ ಹಿಡಿದು ನೋಡಿ ನೋಡಿ, "ಇಂಥ ಬೆರಳಿಟ್ಕಂಡು ಮುದ್ದೆ ಎಂಗೆ ಕಟ್ಟೀಯೇ? ನಾಳೆ ಕೊಟ್ ಮನೇಲಿ ಬಯ್ಯೋದು ನನ್ನ" ಎಂದು ಗೊಣಗುತ್ತಿದ್ದಳು. ನನ್ನ ಮುದ್ದೆ ಇವತ್ತಿಗೂ ಒಂದು ಪಕ್ಕಕ್ಕೆ ವಾಲಿರುತ್ತದೆ. ತಿನ್ನುವವರಿಗೆ ಅದರಿಂದ ಏನೂ ತೊಂದರೆಯಾಗಿಲ್ಲ.

ವಿಶಾಖಪಟ್ಟಣದ ಕಂಪನಿಗೆ ಬಂದಾಗ ನನಗೆ ತೆಲುಗು ಬರುತ್ತಿರಲಿಲ್ಲ, ಗುಮಾಸ್ತಿಕೆಯೂ ಬರುತ್ತಿರಲಿಲ್ಲ. ಅರ್ಧ ದಿನ ಆಫೀಸು, ಅರ್ಧ ದಿನ ಆಟ. ಆಫೀಸಿನವರು ನಮ್ಮನ್ನು "ಬಾಲ್ ಗರ್ಲ್ಸ್" ಎನ್ನುತ್ತಿದ್ದರು. ನಾವು ಕಪ್ ಗೆದ್ದು ತಂದ ದಿನ ಮಾತ್ರ "ನಮ್ಮ ಹುಡುಗಿಯರು". ಮರುದಿನ ಟಪಾಲು ತಡವಾದರೆ ಮತ್ತೆ ಬಾಲ್ ಗರ್ಲ್ಸ್. ಕೋರ್ಟ್ ಇದ್ದದ್ದು ಸಮುದ್ರಕ್ಕೆ ಹತ್ತಿರ. ಉಪ್ಪುಗಾಳಿಗೆ ಕಂಬಗಳು ತುಕ್ಕು ಹಿಡಿದು ಮುಟ್ಟಿದರೆ ಕೈ ಕೆಂಪಾಗುತ್ತಿತ್ತು. ನೆಟ್ ಕಟ್ಟುವುದು ನಾವೇ, ಸುಣ್ಣದ ಗೆರೆ ಹಾಕುವುದು ನಾವೇ. ಸಂಜೆ ಗಾಳಿ ಸಮುದ್ರದಿಂದ ಬೀಸಿದರೆ ನಾನು ಎತ್ತಿದ ಚೆಂಡು ಒಂದು ಗೇಣು ಆಚೆಗೆ ಹೋಗುತ್ತಿತ್ತು, ಆದ್ದರಿಂದ ಒಂದು ಗೇಣು ಈಚೆಗೆ ಎತ್ತಬೇಕು. ಇದನ್ನು ಯಾರೂ ಕಲಿಸಿಕೊಡಲಿಲ್ಲ. ಕಲಿತಿದ್ದೇನೆಂದು ಯಾರಿಗೂ ಗೊತ್ತೂ ಆಗಲಿಲ್ಲ.

ಒಬ್ಬಳಿಗೆ ಗೊತ್ತಿತ್ತು. ಅವಳು ಅಪ್ಪಲನರಸಮ್ಮ. ನಾವೆಲ್ಲ ಅಪ್ಪಲ ಎನ್ನುತ್ತಿದ್ದೆವು. ಅಲ್ಲಿಯ ಬೆಸ್ತರ ಪೇಟೆಯವಳು, ನನಗಿಂತ ಚಿಕ್ಕವಳು, ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಎಡಗೈಯ ಸ್ಮ್ಯಾಶರ್. ಬಲಗೈಯವರಿಗೆ ಎತ್ತುವ ಹಾಗೆ ಅವಳಿಗೆ ಎತ್ತಿದರೆ ಆಗದು. ಅವಳ ಹೆಗಲಿನಾಚೆ, ಸ್ವಲ್ಪ ಹಿಂದಕ್ಕೆ ಚೆಂಡು ಇಳಿಯಬೇಕು. ಸರಿಯಾಗಿ ಸಿಕ್ಕಿತೋ, ಎದುರಿನವರು ತಲೆ ಮುಚ್ಚಿಕೊಳ್ಳುತ್ತಿದ್ದರು. ಸಿಕ್ಕಲಿಲ್ಲವೋ, ಆಟದ ನಡುವೆಯೇ ಸೊಂಟಕ್ಕೆ ಕೈಯಿಟ್ಟು ತನ್ನ ತೆಲುಗಿನಲ್ಲಿ, "ಏಟಿ ಅಕ್ಕಾ ಇದಿ? ಬಾಲಾ, ವಂಕಾಯಾ?" ಎಂದು, ಇದೇನು ಚೆಂಡೋ ಬದನೆಕಾಯೋ ಎಂದು ನನ್ನನ್ನು ದಬಾಯಿಸುತ್ತಿದ್ದಳು. ಅವಳ ಮಾತನ್ನು ಇನ್ನು ಮುಂದೆ ಕನ್ನಡದಲ್ಲೇ ಬರೆಯುತ್ತೇನೆ, ಆದರೆ ಆ ದಬಾವಣೆ ಕನ್ನಡಕ್ಕೆ ಪೂರ್ತಿ ಬರುವುದಿಲ್ಲ.

ಈ ನಡುವೆ ನನಗೆ ಮದುವೆಯಾಯಿತು. ಹಾವೇರಿ ಕಡೆಯ ಬ್ಯಾಂಕ್ ಆಫೀಸರು, ಸಂಘದಲ್ಲಿ ನಿಂಬೆಹಣ್ಣಿನ ಓಟಕ್ಕೆ ಗೆರೆ ಎಳೆಯುತ್ತಿದ್ದವರು. ಎರಡೂ ಕಡೆಯವರು, "ಮಂಡ್ಯ ಎಲ್ಲಿ, ಹಾವೇರಿ ಎಲ್ಲಿ" ಎಂದು ಸ್ವಲ್ಪ ದಿನ ಮುಖ ಊದಿಸಿಕೊಂಡು, ರಾಗಿಮುದ್ದೆ ಮತ್ತು ಜೋಳದ ರೊಟ್ಟಿ ವಾರಕ್ಕಿಷ್ಟು ಎಂದು ಹಂಚಿಕೊಳ್ಳುವುದರೊಂದಿಗೆ ರಾಜಿಯಾದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ನಾನು ಬಸುರಿಯಾದೆ. ಹೆರಿಗೆ ರಜೆ ಹಾಕಿ ನಾನೂ ಅಲ್ಲಿಗೇ ಹೋದೆ.

ವಿಜಯವಾಡದಲ್ಲಿ ನಮ್ಮ ಬಾಡಿಗೆ ಮನೆ ಇದ್ದದ್ದು ಒನ್ ಟೌನ್ ಎನ್ನುವ ಹಳೆಯ ಪೇಟೆಯಲ್ಲಿ, ಒಂದು ಮೆಣಸಿನಕಾಯಿ ಗೋಡೌನಿನ ಹಿಂದೆ. ಬೇಸಗೆಯಲ್ಲಿ ಮೂಟೆ ಇಳಿಸಿದರೆ ಇಡೀ ಓಣಿ ಒಟ್ಟಿಗೆ ಸೀನುತ್ತಿತ್ತು. ನನ್ನ ಮಗಳು ಹುಟ್ಟಿ ಮೊದಲು ಕಲಿತದ್ದು ಸೀನುವುದನ್ನು. ಬಾಣಂತನಕ್ಕೆ ಬಂದ ಅತ್ತೆ ಮೂರು ತಿಂಗಳು ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ನಾನು ಪೆಟ್ಟಿಗೆಯಿಂದ ಹಳೆಯ ಚೆಂಡು ತೆಗೆದು ಹಿತ್ತಿಲಿನ ಗೋಡೆಗೆ ಎತ್ತಲು ಶುರು ಮಾಡಿದೆ. ಗೋಡೆಯ ಆಚೆ ಮನೆಯ ಮಾಲೀಕರ ದೇವರಕೋಣೆ. ನಾನು ಎತ್ತಿದ ಹಾಗೆಲ್ಲ ಆಚೆ ದೇವರ ಪಟಗಳು ಓರೆಯಾಗುತ್ತಿದ್ದವಂತೆ. ಮಾಲೀಕರ ಹೆಂಡತಿ ಬಂದು ಬಹಳ ವಿನಯದಿಂದ, ನಮ್ಮ "ರೀ"ಗೆ ಅವರು ಹೇಳುವ "ಅಂಡಿ" ಸೇರಿಸಿ, "ದೇವರು ಒಪ್ಪುವುದಾದರೆ ನಮಗೇನೂ ಅಡ್ಡಿಯಿಲ್ಲ ಅಂಡಿ" ಎಂದು ಹೇಳಿಹೋದರು.

ಅತ್ತೆ ಅದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ನನ್ನ ಆಟದ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. "ಗ್ವಾಡಿ ಜೋಡಿ ಏನ್ ಆಡ್ತೀಯವಾ, ಅದಕ್ಕ ಜೀವ ಐತೇನ? ಕೊಡ ಇಲ್ಲೆ, ನಾ ಒಗೀತೀನಿ" ಎಂದರು. ಕೂಸನ್ನು ಸೊಂಟಕ್ಕೇರಿಸಿ ಒಂದೇ ಕೈಯಲ್ಲಿ ಒಗೆಯುತ್ತಿದ್ದರು. ಒಂದು ಪಪ್ಪಾಯಿ ಗಿಡದ ಬುಡಕ್ಕೆ, ಒಂದು ನೀರಿನ ತೊಟ್ಟಿಯ ಕಡೆಗೆ, ಒಂದು ನೇರ ನನ್ನ ಮುಖಕ್ಕೆ. ಅಷ್ಟು ಕೆಟ್ಟದಾಗಿ ಚೆಂಡು ಕೊಡುವವರನ್ನು ನಾನು ಯಾವ ತಂಡದಲ್ಲೂ ನೋಡಿರಲಿಲ್ಲ. ಓಡಿ ಓಡಿ ಹೆರಿಗೆಯ ಮೈ ಇಳಿಯಿತು.

ಇಷ್ಟೆಲ್ಲ ಅವಸರ ಯಾಕೆಂದರೆ, ನಮ್ಮ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಸತತವಾಗಿ ಎರಡು ವರ್ಷ ತಂಡದಲ್ಲಿ ಹೆಸರು ಬರದಿದ್ದರೆ ಆಟಗಾರಳು ಎನ್ನುವುದು ಮುಗಿಯಿತು. ಆಮೇಲೆ ಬೆಳಗ್ಗೆಯಿಂದ ಸಂಜೆಯವರೆಗೆ ಕುರ್ಚಿ. ಹೆರಿಗೆಯಿಂದಾಗಿ ಒಂದು ವರ್ಷ ಆಗಲೇ ತಪ್ಪಿತ್ತು. ಮುಂದಿನ ಆಯ್ಕೆಯಲ್ಲಿ ತಪ್ಪಿದರೆ ನನ್ನ ಆಟ ಅಲ್ಲಿಗೆ ಕೊನೆ. ಬೆನ್ನು ಮುರಿದು, ಮಂಡಿ ಸವೆದು ನಿಲ್ಲಿಸುವುದು ಬೇರೆ. ಮಗು ಹೆತ್ತದ್ದಕ್ಕೆ ನಿಲ್ಲಿಸುವುದನ್ನು ನನಗೆ ಒಪ್ಪಲಾಗಲಿಲ್ಲ. ನಮ್ಮ ತಂಡದ ಪಕ್ಕದ ಕೋರ್ಟಿನಲ್ಲೇ ಆಡುತ್ತಿದ್ದ ಗಂಡಸರಿಗೂ ಮಕ್ಕಳಾಗುತ್ತಿದ್ದವು. ಅವರು ಪೇಡ ಹಂಚಿ ಸಂಜೆ ಪ್ರಾಕ್ಟೀಸಿಗೆ ಬರುತ್ತಿದ್ದರು.

ರಜೆ ಮುಗಿಸಿ, ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ವಿಶಾಖಪಟ್ಟಣಕ್ಕೆ ಬಂದೆ. ಬಂದ ದಿನವೇ ಸ್ಪೋರ್ಟ್ಸ್ ಆಫೀಸರ್ ಮೂರ್ತಿಗಾರನ್ನು, ನಮ್ಮ ಮಾತಿನಲ್ಲಿ ಮೂರ್ತಿಯವರನ್ನು, ನೋಡಲು ಹೋದೆ. ತಂಡ ಆರಿಸುವುದು ಅವರೇ. ಸ್ವತಃ ಕೇರಂ ಬಿಟ್ಟು ಬೇರೇನೂ ಆಡಿದವರಲ್ಲ. ಒಳ್ಳೆಯ ಮನುಷ್ಯ, ಎದುರು ಹೋದರೆ ಕುರ್ಚಿ ತೋರಿಸಿ ಕಾಫಿ ತರಿಸುವಂಥವರು. ಒಳ್ಳೆಯ ಮನುಷ್ಯರು ಮಾಡುವ ಅನ್ಯಾಯಕ್ಕೆ ಕಾಫಿ ಕುಡಿದುಕೊಂಡೇ ತಲೆಯಾಡಿಸಬೇಕು, ಅದೇ ಕಷ್ಟ.

"ಜಯಮ್ಮಗಾರೂ, ತಾಯಿಯಾಗಿದ್ದೀರಿ. ಇನ್ನು ಈ ಹಾರಾಟ ಕುಣಿದಾಟ ಯಾಕಂಡಿ? ಮಗು ನೋಡಿಕೊಳ್ಳಿ. ಹೊಸ ಲಿಫ್ಟರ್ ಸಿಕ್ಕಿದ್ದಾಳೆ, ಒಳ್ಳೆ ಹೈಟು" ಎಂದರು.

"ಟ್ರಯಲ್ಸಿಗೆ ಬರ್ತೀನಿ ಸಾರ್. ನೋಡಿ, ಆಮೇಲೆ ಬೇಡ ಅನ್ನಿ" ಎಂದೆ.

"ನಿಮ್ಮ ಹೆಸರು ಹಾಕಿಲ್ಲವಲ್ಲ" ಎಂದು ಕೈ ಉಜ್ಜಿಕೊಂಡರು. ಆಮೇಲೆ ಏನೋ ಹೊಳೆದವರಂತೆ, "ಆದರೆ ಬನ್ನಿ, ಬನ್ನಿ. ಸ್ಮ್ಯಾಶರ್‌ಗಳನ್ನು ಟೆಸ್ಟ್ ಮಾಡಬೇಕು. ಬಾಲ್ ಎತ್ತಿಕೊಡೋಕೆ ಒಬ್ಬರು ಬೇಕು. ನಿಮ್ಮ ಹಾಗೆ ಕರೆಕ್ಟಾಗಿ ಯಾರು ಎತ್ತುತ್ತಾರೆ ಹೇಳಿ" ಎಂದರು.

ನೀವೇ ಇನ್ನೊಮ್ಮೆ ಓದಿ ನೋಡಿ. ಎಲ್ಲರಿಗಿಂತ ಸರಿಯಾಗಿ ಎತ್ತುವವಳು ನಾನು. ಆದ್ದರಿಂದ ಬೇರೆಯವರ ಆಯ್ಕೆಗೆ ನಾನು ಎತ್ತಿಕೊಡಬೇಕು. ನನ್ನ ಆಯ್ಕೆ ಇಲ್ಲ. ಇದರಲ್ಲಿ ಏನಾದರೂ ತಪ್ಪಿದೆ ಎಂದು ಆ ಮನುಷ್ಯನಿಗೆ ಕಾಫಿ ಮುಗಿಯುವವರೆಗೂ ಹೊಳೆಯಲಿಲ್ಲ. ಆಮೇಲೂ ಹೊಳೆದಿಲ್ಲವೆಂದೇ ನನ್ನ ನಂಬಿಕೆ.

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಹೋಗಲೇಬಾರದು ಎಂದು ಪ್ರತಿಜ್ಞೆ ಮಾಡಿದೆ. ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತ, "ಹೋಗಬ್ಯಾಡ ಅಂದ್ರ ಹೋಗಬ್ಯಾಡ. ಭಾಂಡೆ ಏನ್ ಮಾಡ್ಯಾವ ನಿನಗ? ಅವಕ್ಕ ಯಾಕ ಕುಟ್ಟಾಕತ್ತೀ?" ಎಂದರು. ಟ್ರಯಲ್ಸಿನ ದಿನ ಬೆಳಗ್ಗೆ ನೋಡಿದರೆ ನಾನು ಶೂ ಲೇಸು ಕಟ್ಟುತ್ತ ಕೂತಿದ್ದೆ. ಮಾನ ಇದ್ದವರು ಹೋಗುತ್ತಿರಲಿಲ್ಲ. ನನಗೆ ಕೈ ತುರಿಸುತ್ತಿತ್ತು.

ಆಯ್ಕೆಯ ಕ್ರಮ ಹೀಗಿತ್ತು: ಹುಡುಗಿಯರು ಕೈಯಲ್ಲಿ ಸೀಮೆಸುಣ್ಣ ಹಿಡಿದು ಎಗರಿ ಗೋಡೆಗೆ ಗೆರೆ ಎಳೆಯಬೇಕು. ಮೂರ್ತಿಗಾರು ಸ್ಟೂಲ್ ಹತ್ತಿ ಟೇಪ್ ಹಿಡಿದು ಅಳೆಯುತ್ತಾರೆ. ಗೆರೆ ಎಷ್ಟು ಮೇಲಿದ್ದರೆ ಆಟ ಅಷ್ಟು ದೊಡ್ಡದು. ಲಿಫ್ಟರಿಗೂ ಅದೇ ಅಳತೆ. ಗಾಳಿ ಎತ್ತ ಬೀಸುತ್ತಿದೆ, ಹೊಡೆಯುವವಳ ಎಡ ಹೆಗಲು ಎಲ್ಲಿದೆ, ಎದುರಿನವರು ಯಾವ ಕಡೆ ನೋಡುತ್ತಿದ್ದಾರೆ ಎಂದು ಅಳೆಯುವ ಟೇಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಲಿಫ್ಟರ್ ಪದ್ಮಜ ಎನ್ನುವ ಹುಡುಗಿ. ಅವಳ ಗೆರೆ ಗೋಡೆಯ ತುದಿಗೇ ಇತ್ತು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಹತ್ತಿರ ಬಂದು, "ಅಕ್ಕಾ, ಹೆಬ್ಬೆರಳು ಎಲ್ಲಿಡಬೇಕು, ನನಗೆ ಜಾರುತ್ತೆ" ಎಂದು ಭಕ್ತಿಯಿಂದ ಕೇಳಿದಳು. ನಾನು ಹಲ್ಲು ಕಚ್ಚಿಕೊಂಡು ತೋರಿಸಿಕೊಟ್ಟೆ. ಒಮ್ಮೆ ತೋರಿಸಿದ್ದಕ್ಕೇ ಹಿಡಿದುಕೊಂಡಳು, ಅದಕ್ಕೂ ಸಿಟ್ಟು ಬಂತು.

ಬೆಳಗ್ಗೆಯಿಡೀ ಎತ್ತಿದೆ. ಸ್ಮ್ಯಾಶರ್‌ಗಳು ಸಾಲಾಗಿ ಬಂದರು. ಗಿಡ್ಡ ಹುಡುಗಿಗೆ ಗಿಡ್ಡಕ್ಕೆ, ಹೆದರುವವಳಿಗೆ ನೆಟ್ಟಿನಿಂದ ದೂರಕ್ಕೆ, ನಿಧಾನದವಳಿಗೆ ಎತ್ತರಕ್ಕೆ. ಆ ದಿನದಷ್ಟು ಚೆನ್ನಾಗಿ ನಾನು ಯಾವ ಫೈನಲಿನಲ್ಲೂ ಎತ್ತಿಲ್ಲ. ಒಬ್ಬೊಬ್ಬಳೂ ಹೊಡೆದಾಗ ಮೂರ್ತಿಗಾರು "ಗುಡ್, ಗುಡ್" ಎನ್ನುತ್ತಿದ್ದರು. ಅಪ್ಪಲ ಬಂದಾಗ ಅವಳ ಚೆಂಡು ಬಿದ್ದ ಸದ್ದಿಗೆ ಆಫೀಸಿನ ಕಿಟಕಿಗಳಲ್ಲಿ ತಲೆಗಳು ಕಂಡವು. ಮೂರ್ತಿಗಾರಿಗೆ ಆನಂದವೋ ಆನಂದ. "ವಿಜಯವಾಡ ಟೂರ್ನಮೆಂಟಿಗೆ ಸ್ಟೇಟ್ ಸೆಲೆಕ್ಟರ್‌ಗಳು ಬರ್ತಾರೆ ಅಮ್ಮಾಯಿ. ಇದೇ ಹೊಡೆತ ಹೊಡಿ. ಈ ಸಲ ಸ್ಟೇಟ್ ಟೀಮ್ ನಿನಗೆ ಗ್ಯಾರಂಟಿ" ಎಂದರು.

ರಾಜ್ಯ ತಂಡ ಎಂದರೆ ಅಪ್ಪಲಳಿಗೆ ಹುಚ್ಚು. ಅದರ ನೀಲಿ ಬನಿಯನ್ನು ಹಾಕಿಕೊಂಡವರನ್ನು ಕಂಡರೆ ಹಿಂದಿನಿಂದ ಹೋಗಿ ಬಟ್ಟೆ ಮುಟ್ಟಿ ನೋಡುತ್ತಿದ್ದಳು.

ಕಡೆಗೆ ಎರಡು ಪಂಗಡ ಮಾಡಿ ಆಡಿಸಿದರು. ಹೆಸರುಗಳನ್ನು ಒಂದೊಂದಾಗಿ ಕರೆದರು. ಕರೆದವರು ಕೋರ್ಟಿನೊಳಗೆ ಹೋದರು. ನಾನು ಬೆವರು ಒರೆಸಿಕೊಳ್ಳುತ್ತ ಗೆರೆಯ ಹೊರಗೆ ನಿಂತಿದ್ದೆ. ಕರೆಯುವುದು ಮುಗಿಯಿತು. ಕರೆಯುವುದಿಲ್ಲವೆಂದು ಮೊದಲೇ ಗೊತ್ತಿತ್ತು. ಆದರೂ ಕೊನೆಯ ಹೆಸರಿನವರೆಗೆ ಕಿವಿ ಕೊಟ್ಟು ನಿಂತಿದ್ದೆನಲ್ಲ, ಆ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಆಟ ಶುರುವಾಯಿತು. ಚೆಂಡು ಬಂತು, ಒಬ್ಬಳು ತಡೆದಳು, ಪದ್ಮಜ ಅಪ್ಪಲಳಿಗೆ ಎತ್ತಿದಳು. ಅಪ್ಪಲ ಓಡಿಬಂದಳು, ನಿಂತಳು. ಕೈ ಎತ್ತಲೇ ಇಲ್ಲ. ಚೆಂಡು ಅವಳ ಪಕ್ಕದಲ್ಲಿ ನೆಲಕ್ಕೆ ಬಿದ್ದು, ಪುಟಿದು, ಉರುಳಿತು.

ಮೂರ್ತಿಗಾರು ಪೀಪಿ ಊದಿದರು. "ಏನಾಯಿತು?"

"ಬಾಲ್ ಸರಿಯಾಗಿ ಬರಲಿಲ್ಲ ಸಾರ್."

ಮತ್ತೆ ಎತ್ತಿದರು. ಮತ್ತೆ ಓಡಿಬಂದು ನಿಂತಳು. ಮತ್ತೆ ಚೆಂಡು ಬಿತ್ತು. ಪದ್ಮಜಳ ಮುಖ ಅಳುವ ಹಾಗಾಯಿತು. ಇನ್ನೊಮ್ಮೆಯೂ ಹಾಗೇ ಆದಾಗ ಮೂರ್ತಿಗಾರು ಕೆಂಪಗಾದರು. "ಹೊಡೆಯೋಕೆ ಇಷ್ಟವಿಲ್ಲದಿದ್ದರೆ ಹೊರಗೆ ನಿಲ್ಲು" ಎಂದು ಕೂಗಿದರು.

ಅಪ್ಪಲ ಹೊರಗೆ ಬಂದಳು. ನನ್ನ ಪಕ್ಕದಲ್ಲಿ, ಗೆರೆಯ ಆಚೆ, ಕೈ ಕಟ್ಟಿ ನಿಂತಳು. ತಡೆಯಲಾಗದೆ ಕನ್ನಡದಲ್ಲೇ ಬೈದೆ. "ಕತ್ತೆ, ಒಳಕ್ಕೆ ಓಗೇ. ನಿನ್ ಕಾಲಿಗೆ ನೀನೇ ಕಲ್ಲು ಎತ್ತಾಕ್ಕತಿಯಲ್ಲೇ. ತಪ್ಪಾಯ್ತು ಸಾರ್ ಅನ್ನು, ಓಗು." ಸಿಟ್ಟು ನೆತ್ತಿಗೇರಿದರೆ ನನಗೆ ನಮ್ಮವ್ವನ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಅವಳಿಗೆ ಒಂದಕ್ಷರ ಅರ್ಥವಾಗದಿದ್ದರೂ ಎಲ್ಲ ಅರ್ಥವಾಗಿತ್ತು. "ಆ ಬಾಲ್ ನನಗೆ ಆಗಲ್ಲ ಅಕ್ಕಾ" ಎಂದಳು, ಅಷ್ಟೇ.

ಮರುದಿನ ತಂಡ ಪ್ರಕಟವಾಯಿತು. ನಾನಂತೂ ಇರಲಿಲ್ಲ, ಅಪ್ಪಲಳೂ ಇರಲಿಲ್ಲ. ನಾನು ಮೂರ್ತಿಗಾರ ಹತ್ತಿರ ಹೋಗಿ ಅವಳ ಪರವಾಗಿ ಬೇಡಿಕೊಂಡೆ, ಜಗಳವಾಡಿದೆ. ಮತ್ತೆ ಕಾಫಿ ತರಿಸಿದರು. ಆ ಸಲ ಕುಡಿಯದೆ ಎದ್ದು ಬಂದೆ. ನನ್ನ ಕೈಲಾದ ಪ್ರತಿಭಟನೆ ಅಷ್ಟೇ.

ಟೂರ್ನಮೆಂಟಿನ ವಾರ ರಜೆ ಹಾಕಿ ಅತ್ತೆ, ಮಗಳೊಂದಿಗೆ ವಿಜಯವಾಡದ ಮನೆಗೆ ಹೋದೆ. ಅಪ್ಪಲಳೂ ಜೊತೆಗೆ ಬಂದಳು. ನಮ್ಮವರು ಸ್ಟೇಷನ್ನಿಗೆ ಬಂದು, "ಏನ್ರೀ, ಇಬ್ಬರೂ ಕಂಪನಿಯ ಸ್ಟಾರ್‌ಗಳು ಪ್ರೇಕ್ಷಕರಾಗಿ ಬಂದೀರಿ" ಎಂದು ನಗಿಸಲು ನೋಡಿದರು. ನಾನು ಕೂಸನ್ನು ಅವರ ಕೈಗೆ ತುರುಕಿ ರಿಕ್ಷಾ ಹತ್ತಿದೆ.

ನಾವಿಲ್ಲದೆ ನಮ್ಮ ತಂಡ ಸೋತು ಸುಣ್ಣವಾಗುತ್ತದೆ ಎಂದು ನನಗೆ ಖಂಡಿತವಿತ್ತು. ಮೂರ್ತಿಗಾರು ತಲೆಯ ಮೇಲೆ ಕೈ ಹೊತ್ತು ಕೂರುವುದನ್ನು ನೋಡಲೆಂದೇ ದಿನವೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಸತ್ಯ ಹೇಳಬೇಕೆಂದರೆ, ಅವರು ಗೆದ್ದರು. ಫೈನಲ್ಲನ್ನೂ ಗೆದ್ದರು. ಪದ್ಮಜ ಚೆನ್ನಾಗಿ ಎತ್ತಿದಳು. ಹೆಬ್ಬೆರಳು ನಾನು ಹೇಳಿದ ಜಾಗದಲ್ಲೇ ಇತ್ತು. ಅಪ್ಪಲಳ ಜಾಗದಲ್ಲಿ ಆಡಿದ ಹುಡುಗಿ ಸುಮಾರಾಗಿ ಹೊಡೆದಳು, ಆದರೆ ಎತ್ತರವಾಗಿದ್ದಳು. ಶಾಮಿಯಾನದಡಿ ಕೂತಿದ್ದ ಸೆಲೆಕ್ಟರ್‌ಗಳು ಅವಳನ್ನು ಕರೆದು ಮಾತಾಡಿಸಿದರು. ಅಪ್ಪಲ ಎದ್ದುನಿಂತು ಚಪ್ಪಾಳೆ ತಟ್ಟಿದಳು. ಅತ್ತೆಯ ತೊಡೆಯ ಮೇಲಿದ್ದ ನನ್ನ ಮಗಳೂ ಅವಳನ್ನು ನೋಡಿ ಕೈ ಬಡಿದಳು.

ನನಗೆ ಮೈ ಉರಿಯಿತು. ಜನ ಚದುರುತ್ತಿದ್ದರು. ಅವಳ ರಟ್ಟೆ ಹಿಡಿದು ಒಂದು ಕಡೆಗೆ ಎಳೆದೆ. "ನೋಡಿದೆಯಾ? ಪದ್ಮಜ ಚೆನ್ನಾಗೇ ಎತ್ತುತ್ತಾಳೆ. ಬಾಲ್ ಆಗಲ್ಲ ಅಂದೆಯಲ್ಲ, ಏನಾಗಿತ್ತು ಆ ಬಾಲಿಗೆ?"

"ಏನೂ ಆಗಿರಲಿಲ್ಲ ಅಕ್ಕಾ. ಸರಿಯಾಗೇ ಇತ್ತು."

"ಮತ್ತೆ?"

ಅವಳು ಕಾಲಿನಲ್ಲಿ ಮಣ್ಣು ಕೆದಕಿದಳು. "ಬೆಳಗ್ಗಿಂದ ನೀನು ಎಲ್ಲರಿಗೂ ಎತ್ತಿದೆ. ಆಮೇಲೆ ಹೆಸರು ಕರೆದರು. ನೀನು ಟವೆಲ್ ಹಿಡಿದು ನಿಂತಿದ್ದೆ. ನನಗೆ ಕೈ ಏಳಲಿಲ್ಲ."

ಮುಂದಿನ ವರ್ಷ ಅವಳನ್ನು ತಂಡಕ್ಕೆ ವಾಪಸು ತೆಗೆದುಕೊಂಡರು, ಆದರೆ ರಾಜ್ಯ ತಂಡದ ಕರೆ ಎಂದೂ ಬರಲಿಲ್ಲ. ನಾನು ಪೂರ್ತಿ ಗುಮಾಸ್ತೆಯಾಗಿ ನಿವೃತ್ತಳಾದೆ. ಮೂರ್ತಿಗಾರ ಮೇಲಿನ ಸಿಟ್ಟು ಅವರು ತೀರಿಕೊಂಡ ಸುದ್ದಿ ಬಂದ ದಿನ ಇಳಿಯಿತು. ಅಪ್ಪಲಳ ಮೇಲಿನದು ಇಳಿದಿಲ್ಲ. ನನ್ನ ಅವಮಾನವನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಇವಳು ತನ್ನ ನೀಲಿ ಬನಿಯನ್ನನ್ನು ಅದರ ಜೊತೆ ಎಸೆದುಬಿಟ್ಟಳು. ಯಾರು ಕೇಳಿದ್ದರು ಇವಳನ್ನು?

ಫೈನಲಿನ ಆ ಸಂಜೆ ನಾನು ಮಾಡಿದ್ದಿಷ್ಟು. ನೆಟ್ ಇನ್ನೂ ಬಿಚ್ಚಿರಲಿಲ್ಲ. ಫೋಟೋಕ್ಕೆ ನಿಂತಿದ್ದ ಪದ್ಮಜಳ ಕೈಯಿಂದ ಚೆಂಡು ಕಿತ್ತುಕೊಂಡೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಕೋರ್ಟಿಗಿಳಿದೆ. ಚೆಂಡನ್ನು ಅಪ್ಪಲಳ ಎದೆಗೆ ಗುರಿಯಿಟ್ಟು ಎಸೆದು, "ಬಾ ಇಲ್ಲಿ. ನನಗೆ ಬಾಲ್ ಕೊಡು. ಎತ್ತುತ್ತೀನಿ, ಬಿಟ್ಟರೆ ನಿನ್ನ ಕಾಲು ಮುರೀತೀನಿ" ಎಂದೆ.

ಅವಳು ಕಣ್ಣು ಒರೆಸಿಕೊಂಡು ಚೆಂಡು ಕೊಟ್ಟಳು. ಎತ್ತಿದೆ, ಹೆಗಲಿನಾಚೆ, ಸ್ವಲ್ಪ ಹಿಂದಕ್ಕೆ. ಬಪ್ಪರೆ, ಎಂಥ ಹೊಡೆತ. ಗೆದ್ದ ಕಪ್ ಹಿಡಿದು ನಿಂತಿದ್ದ ಮೂರ್ತಿಗಾರು ತಿರುಗಿ ನೋಡಿದರು. ಸೆಲೆಕ್ಟರ್‌ಗಳ ಕಾರು ಆಗಲೇ ಹೋಗಿತ್ತು. ಮುಂದಿನ ಸಾಲಿನಿಂದ ಅತ್ತೆ, "ಸಾಕ ಬರ್ರೇ, ಕೂಸು ಅಳಾಕತ್ತೈತಿ" ಎಂದು ಕರೆದರು. ನಾನು ಕೇಳಿಸಿಕೊಳ್ಳಲಿಲ್ಲ. ಶಾಮಿಯಾನದವರು ಬಂದು ನೆಟ್ ಬಿಚ್ಚುವವರೆಗೂ ಎತ್ತಿದೆ, ಒಂದೊಂದು ಚೆಂಡಿಗೂ ಒಂದೊಂದು ಬೈಗುಳ. ಅವಳು ಒಂದನ್ನೂ ಕೆಳಕ್ಕೆ ಬೀಳಗೊಡಲಿಲ್ಲ.